ನಾಲ್ಕು ಬೆರಳು

ಸೆಲೆಸ್ಟ್ ಕ್ಯಾಲೋವೇಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಅಂತ ಯಾರಾದರೂ ಹೇಳಿದರೆ ನಾನೇನೂ ಜಗಳಕ್ಕೆ ಬರಲ್ಲ. ಇತ್ತು, ಕಣ್ರೀ. ಚಮಚದಲ್ಲಿ ಅಳೆಯೋ ಅಷ್ಟಲ್ಲ, ಮೂಟೆಯಲ್ಲಿ ಹೊರೋ ಅಷ್ಟಿತ್ತು. ಅವಳ ಗಂಡ ಬ್ರಾಂಟ್ ನಮ್ಮೂರಿನ ಹ್ಯಾಮರ್ಸ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್. ಕಾಲಲ್ಲಿ ಒದೆಯೋ ಫುಟ್‌ಬಾಲಲ್ಲ, ಕೈಯಲ್ಲಿ ಹಿಡಿದು ನುಗ್ಗೋ ಅಮೆರಿಕದ್ದು. ಚೆಂಡು ಮೊದಲು ಬರೋದು ಅವನ ಕೈಗೆ, ಆಮೇಲೆ ಅವನು ಯಾರಿಗೆ ಎಸೆದರೆ ಅವರಿಗೆ. ನನ್ನ ಗಂಡ ವೆಂಡೆಲ್ ಅದೇ ತಂಡದ ಎರಡನೇ ಕ್ವಾರ್ಟರ್‌ಬ್ಯಾಕ್. ಅಂದರೆ ಬ್ರಾಂಟ್‌ನ ಕಾಲು ಯಾವಾಗ ಮುರಿಯುತ್ತೋ ಅಂತ ಸಂಬಳ ತಗೊಂಡು ಕಾಯುವವನು. ಒಂಬತ್ತು ವರ್ಷ ಕಾದ. ಆ ಮಹಾರಾಯನಿಗೆ ಒಂದು ನೆಗಡಿ ಕೂಡ ಬರಲಿಲ್ಲ.

ಆಟಗಾರರ ಹೆಂಡತಿಯರಿಗೆ ಅಂತ ಸ್ಟೇಡಿಯಂನಲ್ಲಿ ಒಂದು ಭಾಗ ಇದೆ. ಮೊದಲ ಸಾಲಿನ ತುದಿಯ ಕುರ್ಚಿ ಸೆಲೆಸ್ಟಳದು. ಹಾಗಂತ ಎಲ್ಲೂ ಬರೆದಿಲ್ಲ, ಆದರೂ ಬೇರೆ ಯಾರೂ ಅಲ್ಲಿ ಕೂರಲ್ಲ. ನನ್ನದು ಸರಿಯಾಗಿ ಅದರ ಹಿಂದೆ, ಅವಳ ಜುಟ್ಟು ನೋಡಿಕೊಂಡು. ನಾವೆಲ್ಲ ಗಂಡಂದಿರ ನಂಬರು ಹೊಲಿಸಿದ ಜಾಕೆಟ್ಟು ಹಾಕಿಕೊಂಡು ಹೋಗುವುದು ವಾಡಿಕೆ. ಅವಳ ಬೆನ್ನ ಮೇಲೆ ಒಂಬತ್ತು. ಊರಿನ ಅರ್ಧ ಜನರ ಬೆನ್ನ ಮೇಲೂ ಒಂಬತ್ತೇ. ನನ್ನ ಬೆನ್ನ ಮೇಲೆ ಹದಿನಾಲ್ಕು. ಒಂದು ಸಲ ಶೌಚಾಲಯದ ಸಾಲಲ್ಲಿ ನಿಂತಿದ್ದಾಗ ಹಿಂದಿದ್ದ ಮುದುಕಿ ನನ್ನ ಬೆನ್ನು ತಟ್ಟಿ, ಹದಿನಾಲ್ಕು ಯಾರದಮ್ಮಾ, ಹಳೇ ಕಾಲದವರದಾ ಅಂತ ಕೇಳಿದಳು. ಹೌದಜ್ಜಿ ಅಂದೆ.

ಹಾಗಂತ ವೆಂಡೆಲ್ ಕೈಕಟ್ಟಿ ಕೂತಿರುತ್ತಿದ್ದ ಅಂದುಕೊಳ್ಳಬೇಡಿ. ಬುಧವಾರ ಬಂತೆಂದರೆ ಅವನಿಗೆ ಹಗಲುವೇಷ. ಮುಂದಿನ ಭಾನುವಾರ ಯಾವ ತಂಡ ಬರುತ್ತೋ ಆ ತಂಡದ ಕ್ವಾರ್ಟರ್‌ಬ್ಯಾಕ್‌ನ ಹಾಗೆ ಇವನು ಅಭ್ಯಾಸದಲ್ಲಿ ಆಡಬೇಕು, ನಮ್ಮ ಹುಡುಗರು ಅವನನ್ನು ಹಿಡಿಯೋದು ಕಲಿಯಬೇಕು. ಅವನ ಥರ ನಡೆಯಬೇಕು, ಅವನ ಥರ ಕೂಗಬೇಕು. ಒಂದು ವಾರ ಎಡಗೈಯವನ ಪಾತ್ರ ಬಂದು ಮನೆಯಲ್ಲಿ ಎಡಗೈಯಲ್ಲೇ ಸೂಪು ಕುಡಿದು ಮೇಜೆಲ್ಲ ಒದ್ದೆ ಮಾಡಿದ. ದೇಶದ ಎಲ್ಲ ಕ್ವಾರ್ಟರ್‌ಬ್ಯಾಕ್‌ಗಳೂ ಆಗಿದ್ದಾನೆ ನನ್ನ ಗಂಡ, ವೆಂಡೆಲ್ ಒಬ್ಬನನ್ನು ಬಿಟ್ಟು.

ಭಾನುವಾರ ಆಟದ ಹೊತ್ತಿಗೆ ಅವನಿಗೆ ಇನ್ನೊಂದು ಕೆಲಸ. ಗೆರೆಯ ಪಕ್ಕ ಟೋಪಿ ಹಾಕಿಕೊಂಡು ನಿಂತು ಬೆರಳೆತ್ತಿ ತೋರಿಸುವುದು. ಹತ್ತು ಗಜ ಮುಂದೆ ಹೋಗಲು ನಾಲ್ಕು ಸರದಿ ಕೊಡುತ್ತಾರಲ್ಲ, ಈಗ ನಡೆಯುತ್ತಿರುವುದು ಎಷ್ಟನೆಯದು ಅಂತ. ಎರಡನೆಯದಾದರೆ ಎರಡು ಬೆರಳು, ಮೂರಾದರೆ ಮೂರು. ಹತ್ತು ಗಜ ದಾಟಿ ಲೆಕ್ಕ ಮತ್ತೆ ಒಂದರಿಂದ ಶುರುವಾದರೆ ಕೈಯೆತ್ತುವುದೇ ಬೇಡ. ಕೈ ಕೆಳಗಿದ್ದರೆ ಎಲ್ಲ ಸುಸೂತ್ರ ಅಂತ ಬ್ರಾಂಟ್‌ಗೂ ಇವನಿಗೂ ಒಪ್ಪಂದ. ಒಂಬತ್ತು ವರ್ಷ ನನ್ನ ಗಂಡ ಮೈದಾನದಲ್ಲಿ ಮಾಡಿದ್ದು ಇಷ್ಟೇ. ಟೀವಿಯ ಕ್ಯಾಮೆರಾ ಒಂದು ದಿನವೂ ಅವನ ಕಡೆ ತಿರುಗಿದ್ದಿಲ್ಲ.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ಪ್ರತಿ ವರ್ಷ ಬ್ರಾಂಟ್‌ನ ಮನೆಯಲ್ಲೇ. ಟರ್ಕಿ ಕೋಳಿ ಅವರದು, ಉಳಿದದ್ದು ನಾವೆಲ್ಲ ಒಂದೊಂದು ಮಾಡಿಕೊಂಡು ಹೋಗುವುದು. ನಾನು ಗೆಣಸಿನ ಮೇಲೆ ಮಾರ್ಷ್‌ಮೆಲ್ಲೋ ಮಿಠಾಯಿ ಹಾಕಿ ಬೇಯಿಸಿ ಗಾಜಿನ ತಟ್ಟೆಯಲ್ಲಿ ಒಯ್ದಿದ್ದೆ, ತಟ್ಟೆಯ ತಳಕ್ಕೆ ಟೇಪು ಅಂಟಿಸಿ ಡಾರ್ಲಾ ಅಂತ ಹೆಸರು ಬರೆದು. ಸೆಲೆಸ್ಟ್ ಒಂದು ತುತ್ತು ತಿಂದು, ಡಾರ್ಲಾ ನಿನ್ನ ಕೈಯಲ್ಲಿ ಏನೋ ಇದೆ ಕಣೇ ಅಂದಳು. ಹೊಗಳಿದಳೋ ಆಡಿಕೊಂಡಳೋ ಅಂತ ನಾನು ಡಿಸೆಂಬರ್ ತಿಂಗಳಿಡೀ ಯೋಚಿಸಿದೆ. ತಟ್ಟೆಯಂತೂ ವಾಪಸು ಬರಲಿಲ್ಲ. ಅಷ್ಟು ದೊಡ್ಡ ಮನೆಯವಳಿಗೆ ನನ್ನ ಒಂದು ಗಾಜಿನ ತಟ್ಟೆ ಬೇಕಿತ್ತಾ?

ವೆಂಡೆಲ್‌ಗೆ ಆಗ ಮೂವತ್ಮೂರು. ತಂಡದ ಜೊತೆಗಿನ ಕರಾರಿನಲ್ಲಿ ಇನ್ನು ಒಂದೇ ವರ್ಷ ಉಳಿದಿತ್ತು. ಮುಂದಿನ ಸೀಸನ್‌ನಲ್ಲಿ ಅವನು ಒಳಗೆ ಇಳಿಯದಿದ್ದರೆ ಇನ್ನು ಜನ್ಮದಲ್ಲಿ ಇಳಿಯಲ್ಲ ಅಂತ ನಮಗಿಬ್ಬರಿಗೂ ಗೊತ್ತಿತ್ತು. ಇದನ್ನು ನಾವು ಬಾಯಿಬಿಟ್ಟು ಆಡುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ನಾನು ಮಾತ್ರ ಕಣ್ಣು ಮುಚ್ಚಿ ಬ್ರಾಂಟ್‌ನ ಮಂಡಿಯನ್ನೇ ನೆನೆಸುತ್ತಿದ್ದೆ.

ಜನವರಿಯ ಆ ಆಟ ನಿಮಗೂ ನೆನಪಿರುತ್ತೆ. ಸರೋವರದ ಕಡೆಯಿಂದ ಗಾಳಿ ಬೀಸಿ ಬಿಯರು ಲೋಟದಲ್ಲೇ ಹೆಪ್ಪುಗಟ್ಟಿದ ದಿನ. ಗೆದ್ದರೆ ಫೈನಲ್ಲು. ನಾವು ನಾಲ್ಕು ಅಂಕ ಹಿಂದೆ, ಅರ್ಧ ನಿಮಿಷಕ್ಕಿಂತ ಕಮ್ಮಿ ಉಳಿದಿದೆ, ಗಡಿಯಾರ ಓಡುತ್ತಾ ಇದೆ, ನಿಲ್ಲಿಸಿ ಅಂತ ಕೇಳುವ ಅವಕಾಶಗಳೆಲ್ಲ ಖರ್ಚಾಗಿವೆ. ಮೂರನೇ ಸರದಿಯಲ್ಲಿ ನಮ್ಮವನೊಬ್ಬ ಚೆಂಡು ಹಿಡಿದು ನುಗ್ಗಿ ಬಿದ್ದ. ಹತ್ತು ಗಜದ ಗೆರೆ ದಾಟಿದ ಅಂತ ಊರಿಗೂರೇ ಕೂಗಿತು. ದಾಟಿರಲಿಲ್ಲ, ಒಂದು ಗೇಣು ಹಿಂದಿದ್ದ. ಅಂದರೆ ಮುಂದಿನದು ನಾಲ್ಕನೆಯದು, ಕೊನೆಯದು. ಹೆಲ್ಮೆಟ್ಟಿನೊಳಗೆ ಕೋಚ್ ಮಾತಾಡುವ ರೇಡಿಯೋ ಅಷ್ಟು ಹೊತ್ತಿಗೆ ಬಾಯಿ ಮುಚ್ಚಿರುತ್ತದೆ, ಅದು ನಿಯಮ. ಬ್ರಾಂಟ್ ಎಲ್ಲರನ್ನೂ ಓಡಿಸಿಕೊಂಡು ಬಂದು ಸಾಲಾಗಿ ನಿಲ್ಲಿಸಿದ, ಪಕ್ಕಕ್ಕೊಮ್ಮೆ ನೋಡಿದ, ಚೆಂಡು ಇಸಕೊಂಡ, ಗಡಿಯಾರ ನಿಲ್ಲಲಿ ಅಂತ ಅದನ್ನು ನೆಲಕ್ಕೆ ಬಡಿದ.

ಹಾಗೆ ಬಡಿದರೆ ಗಡಿಯಾರ ನಿಲ್ಲುತ್ತೆ ನಿಜ. ಆದರೆ ಒಂದು ಸರದಿ ಖರ್ಚು. ನಾಲ್ಕನೆಯದನ್ನೇ ಖರ್ಚು ಮಾಡಿದರೆ ಚೆಂಡು ಎದುರಾಳಿಗೆ. ಎಂಟು ವರ್ಷದ ಮಕ್ಕಳೂ ಮಾಡದ ತಪ್ಪು. ಸ್ಟೇಡಿಯಂನಲ್ಲಿ ಎಪ್ಪತ್ತು ಸಾವಿರ ಜನ ಇದ್ದರೂ ಅಂಥಾ ಮೌನ ನಾನು ಸ್ಮಶಾನದಲ್ಲೂ ಕೇಳಿಲ್ಲ. ನನ್ನ ಮುಂದಿದ್ದ ಜುಟ್ಟು ಅಲ್ಲಾಡಲಿಲ್ಲ. ನನಗೆ ಅಳು ಬಂತು, ತಂಡ ಸೋತಿತು ಅಂತ. ಅದರ ಅಡಿಯಲ್ಲಿ ಹೊಟ್ಟೆಗೆ ಹಾಲು ಹೊಯ್ದ ಹಾಗೂ ಆಯಿತು. ಎರಡೂ ನಿಜ.

ಆಮೇಲೆ ಪತ್ರಿಕೆಯವರ ಮುಂದೆ ಬ್ರಾಂಟ್ ಒದ್ದೆ ಕೂದಲಲ್ಲೇ ಬಂದು ಕೂತ. ಲೆಕ್ಕ ಇಡೋದು ನನ್ನ ಕೆಲಸ, ತಪ್ಪಿದ್ದು ನಾನೇ, ಬೇರೆ ಯಾರನ್ನೂ ಕೇಳಬೇಡಿ ಅಂದು ಎದ್ದು ಹೋದ. ಕೇಳಬೇಡಿ ಅಂದರೆ ನಮ್ಮ ಜನ ಬಿಡುತ್ತಾರಾ? ಬಿದ್ದವನ ಮೇಲೆ ಆಳಿಗೊಂದು ಕಲ್ಲು. ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಮೀನು ಕರಿಯುತ್ತಾರೆ, ಊರೆಲ್ಲ ಅಲ್ಲೇ ಊಟಕ್ಕೆ ಸೇರುತ್ತೆ. ಆ ವರ್ಷ ಮೀನಿಗಿಂತ ಜಾಸ್ತಿ ಬೆಂದದ್ದು ಬ್ರಾಂಟ್. ಅವನಿಗೆ ಸೊಕ್ಕು ಬಂದಿತ್ತು ಅಂತ ಒಬ್ಬ. ಕೋಚು ಮೊದಲೇ ಆಟ ನಿಲ್ಲಿಸುವ ಅವಕಾಶಗಳನ್ನೆಲ್ಲ ಹಾಳು ಮಾಡಿದ್ದ ಅಂತ ಇನ್ನೊಬ್ಬ. ಮಾಲೀಕ ಜಿಪುಣ, ಚೆಂಡು ಹಿಡಿದು ನುಗ್ಗೋಕೆ ಒಳ್ಳೇ ಓಟಗಾರನನ್ನ ತರಲಿಲ್ಲ ಅಂತ ಮತ್ತೊಬ್ಬ. ಅಷ್ಟರಲ್ಲಿ ಓಟಗಾರರಿಗೆ ಕಲಿಸುವ ಬಡಪಾಯಿ ತರಬೇತುದಾರನನ್ನು ಕೆಲಸದಿಂದ ತೆಗೆದೂ ಆಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನಮ್ಮತ್ತೆ ಇರ್ಮಾ ಮಾತ್ರ ಎಲ್ಲದಕ್ಕೂ ಸೆಲೆಸ್ಟಳ ಕಾಲ್ಗುಣವೇ ಕಾರಣ ಅಂದರು. ಅವಳು ಬಂದಮೇಲೇ ಅವನ ಗಮನ ಕೆಟ್ಟಿದ್ದು, ಮನೆ ದೊಡ್ಡದಾಯ್ತು, ಕಾರು ಎರಡಾಯ್ತು, ತಲೆ ಸಣ್ಣದಾಯ್ತು ಅಂತ. ಹೌದು ಅತ್ತೆ, ನೀವು ಹೇಳೋದು ಸರಿ ಅಂತ ನಾನು ದನಿಗೂಡಿಸಿದೆ. ಒಂಬತ್ತು ವರ್ಷದಲ್ಲಿ ಅತ್ತೆಗೂ ನನಗೂ ಒಂದೇ ಅಭಿಪ್ರಾಯ ಬಂದದ್ದು ಅದೊಂದೇ ಸಲ.

ಆದರೆ ಹೇಳ್ತೀನಿ ಕೇಳಿ, ಅಲ್ಲಿ ಕೂತು ಮೀನು ತಿನ್ನುತ್ತಾ ತಿನ್ನುತ್ತಾ ನನಗೆ ಇನ್ನೊಂದು ಉರಿ ಹತ್ತಿಕೊಂಡಿತು. ಕೋಚನ್ನು ಬೈದರು, ಮಾಲೀಕನನ್ನು ಬೈದರು, ಹುಲ್ಲು ಕತ್ತರಿಸುವವನನ್ನೂ ಬೈದರು. ವೆಂಡೆಲ್‌ನ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ಹೊಗಳಿಕೆಯಲ್ಲಂತೂ ನಮಗೆ ಪಾಲಿರಲಿಲ್ಲ, ಬೈಗುಳದಲ್ಲೂ ಇಲ್ಲವಾ? ತಡೆಯಲಾರದೆ, ನಮ್ಮ ವೆಂಡೆಲ್ಲೂ ಅಲ್ಲೇ ನಿಂತಿದ್ದನಲ್ಲ ಅಂತ ಅಂದೇಬಿಟ್ಟೆ. ಕರೆಂಟು ಕೆಲಸದ ಸ್ಟಾಶ್ ತಲೆ ಎತ್ತಿ ನನ್ನನ್ನು ಕನಿಕರದಿಂದ ನೋಡಿದ.

"ವೆಂಡೆಲ್ಲಾ? ಅವನೇನ್ ಮಾಡ್ತಾನಮ್ಮ ಪಾಪ. ಟೋಪಿ ಹಾಕ್ಕೊಂಡು ನಿಂತಿರ್ತಾನೆ. ಗೂಟಕ್ಕೂ ಟೋಪಿ ಹಾಕ್ಬೋದು."

ಮೇಜಿನ ಸುತ್ತ ಎಲ್ಲ ನಕ್ಕರು. ಅತ್ತೆಯೂ ನಕ್ಕರು, ಹೆತ್ತ ಮಗನ ವಿಷಯಕ್ಕೆ. ನಾನು ನನ್ನ ಪಾಲಿನ ಪಿರೋಗಿ ಕಡುಬನ್ನು ಕಾಗದದಲ್ಲಿ ಸುತ್ತಿಕೊಂಡು ಮನೆಗೆ ಬಂದೆ.

ಮಾರ್ಚ್ ಮುಗಿಯುವುದರೊಳಗೆ ಬ್ರಾಂಟ್‌ನನ್ನು ಮರುಭೂಮಿ ಕಡೆಯ ಯಾವುದೋ ತಂಡಕ್ಕೆ ಸಾಗಹಾಕಿದರು. ಎರಡು ಸಲ ಫೈನಲ್ಲಿಗೆ ಕರೆದುಕೊಂಡು ಹೋದವನಿಗೆ ಒಂದು ಹೂಗುಚ್ಛವೂ ಇಲ್ಲ. ಯಾರೋ ಅವನ ಗೇಟಿಗೆ ಒಡೆದ ಗಡಿಯಾರ ನೇತುಹಾಕಿದ್ದರು. ಅದೇ ವಾರ ಕೋಚು ವೆಂಡೆಲ್‌ನನ್ನು ಕರೆಸಿ, ಈ ವರ್ಷ ತಂಡ ನಿನ್ನದು ಅಂದ. ಬೆನ್ನಿಗೇ ಕಾಲೇಜಿನಿಂದ ಟಕರ್ ಅನ್ನುವ ಹೊಸಬನನ್ನು ಎರಡನೆಯವನಾಗಿ ತರುತ್ತೇವೆ ಅಂತಲೂ ಹೇಳಿದನಂತೆ. ನಾನು ಅಡುಗೆಮನೆಯಲ್ಲೇ ಕುಣಿದೆ. ವೆಂಡೆಲ್ ಕುರ್ಚಿ ಎಳೆದು ಕೂತು ಬೂಟಿನ ದಾರ ಬಿಚ್ಚಿದ, ಮತ್ತೆ ಕಟ್ಟಿದ. ಹಸಿವಿಲ್ಲ ಅಂದ. ಕಾದು ಕಾದು ಸಿಕ್ಕಿದ್ದಕ್ಕೆ ಮಾತು ಹೊರಡುತ್ತಿಲ್ಲ ಪಾಪ ಅಂದುಕೊಂಡೆ. ನನಗಂತೂ ಆ ತುದಿಯ ಕುರ್ಚಿ ಕಣ್ಣಮುಂದೆ ಬಂದು ನಿಂತಿತ್ತು.

ಸೆಲೆಸ್ಟ್ ಬಂದದ್ದು ಅವರ ಸಾಮಾನಿನ ಲಾರಿ ಹೊರಡುವ ದಿನ ಬೆಳಿಗ್ಗೆ. ಬಾಗಿಲು ತೆಗೆದರೆ ನನ್ನ ಗಾಜಿನ ತಟ್ಟೆ ಹಿಡಿದುಕೊಂಡು ನಿಂತಿದ್ದಳು. ತೊಳೆದು ಫಳಫಳ ಮಾಡಿದ್ದಳು, ತಳದಲ್ಲಿ ನನ್ನ ಹೆಸರಿನ ಟೇಪು ಹಾಗೇ ಇತ್ತು. ಜುಟ್ಟು ಕಟ್ಟಿರಲಿಲ್ಲ, ಕಣ್ಣಡಿ ಕಪ್ಪಾಗಿತ್ತು. ಅಂಥಾ ಸ್ಥಿತಿಯಲ್ಲೂ ನನಗಿಂತ ಚೆನ್ನಾಗೇ ಕಾಣುತ್ತಿದ್ದಳು ಅನ್ನೋದು ಮೊದಲು ನನ್ನ ಕಣ್ಣಿಗೆ ಬಿತ್ತು, ಏನು ಮಾಡಲಿ. ಕಾಫಿ ಕುಡೀತೀಯಾ ಅಂದೆ. ಬೇಡ ಅಂದಳು. ಹೊಸ್ತಿಲು ದಾಟಲಿಲ್ಲ.

"ಬ್ರಾಂಟ್ ಲೆಕ್ಕ ತಪ್ಪಿರ್ಲಿಲ್ಲ, ಡಾರ್ಲಾ. ಹತ್ತು ಗಜ ದಾಟಿದ್ವೋ ಇಲ್ವೋ ಅಂತ ಅವನಿಗೆ ಅನುಮಾನ ಬಂತು, ಪಕ್ಕಕ್ಕೆ ನೋಡ್ದ. ನಿನ್ನ ಗಂಡನ ಎರಡೂ ಕೈ ಹೊಟ್ಟೆ ಮುಂದಿನ ಬೆಚ್ಚನೆ ಚೀಲದೊಳಗಿತ್ತು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೈ ಕೆಳಗಿದ್ದರೆ ಲೆಕ್ಕ ಮತ್ತೆ ಒಂದರಿಂದ. ಕೈ ಕೆಳಗಿದ್ದರೆ ಎಲ್ಲ ಸುಸೂತ್ರ. ಅವನು ಹತ್ತು ಗಜ ದಾಟಿದ್ದೀವಿ ಅಂತ ನಂಬಿ ಚೆಂಡು ಬಡಿದಿದ್ದ.

"ಸುಳ್ಳು," ಅಂದೆ. "ಹಾಗಿದ್ರೆ ಅವತ್ತೇ ಹೇಳ್ಬೇಕಿತ್ತು."

"ಮಾಲೀಕರು ನಮ್ಮನ್ನ ಕಳಿಸೋದು ಆಟಕ್ಕೆ ಮೊದಲೇ ನಿರ್ಧಾರ ಮಾಡಿದ್ರು. ನೆಪ ಕಾಯ್ತಿದ್ರು ಅಷ್ಟೆ. ಹೋಗೋನು ಹೆಂಗೂ ಹೋಗ್ತೀನಿ, ಇನ್ನೊಬ್ಬನ ಅನ್ನಕ್ಕೆ ಯಾಕೆ ಮಣ್ಣು ಹಾಕ್ಲಿ ಅಂದ ಬ್ರಾಂಟ್. ನನ್ ಹತ್ರ ಆಣೆ ಹಾಕಿಸ್ಕೊಂಡಿದಾನೆ, ಯಾರಿಗೂ ಹೇಳ್ಬಾರ್ದು ಅಂತ."

"ಮತ್ತೆ ನೀನ್ಯಾಕೆ ಹೇಳ್ತಿದೀಯ?"

"ನಾನು ಬ್ರಾಂಟ್ ಅಲ್ಲ," ಅಂದಳು ಸೆಲೆಸ್ಟ್. "ಊರೆಲ್ಲ ನನ್ನ ಕಾಲ್ಗುಣ ಅಂತಿದಾರೆ. ಮೀನು ತಿನ್ಕೊಂಡು ನೀನೂ ಅಂದ್ಯಂತೆ. ಒಬ್ಳಿಗಾದ್ರೂ ನಿಜ ಗೊತ್ತಿರ್ಲಿ ಅನ್ನಿಸ್ತು. ಗೆಣಸು ಚೆನ್ನಾಗಿತ್ತು, ಆವತ್ತೂ ನಿಜಾನೇ ಹೇಳಿದ್ದೆ."

ತಟ್ಟೆಯನ್ನು ನನ್ನ ಕೈಯಲ್ಲಿಟ್ಟು ಮೆಟ್ಟಿಲಿಳಿದು ಹೋದಳು. ನನಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ, ಇಲ್ಲ ಅನ್ನಲ್ಲ. ಆದರೆ ಅದಕ್ಕಿಂತ ಮುಂಚೆ ಬಂದದ್ದು ಅದೇ ಹಳೇ ಹೊಟ್ಟೆಕಿಚ್ಚು. ನನ್ನ ಗಂಡ ತನ್ನ ಕೈಯಿಂದ, ಅಂದರೆ ಕೈಯೆತ್ತದೆ, ಈ ಊರಿನ ಹಣೆಬರಹ ಬದಲಾಯಿಸಿದ ಒಂದೇ ಒಂದು ಗಳಿಗೆ ಅದು. ಅದನ್ನೂ ಬ್ರಾಂಟ್ ತನ್ನ ಹೆಸರಿಗೆ ಬರೆಸಿಕೊಂಡುಬಿಟ್ಟಿದ್ದ. ದೊಡ್ಡ ಮನುಷ್ಯ ಅನ್ನಿಸಿಕೊಳ್ಳುವುದರಲ್ಲೂ ಅವನೇ ಮೊದಲು, ನಾವು ಅವನು ಬಿಟ್ಟ ಎಂಜಲು ತಿನ್ನಬೇಕು.

ವೆಂಡೆಲ್ ಹಿತ್ತಲಲ್ಲಿ ಮರಕ್ಕೆ ಕಟ್ಟಿದ ಟೈರಿನೊಳಗೆ ಚೆಂಡು ತೂರಿಸುತ್ತಿದ್ದ. ಒಂದೂ ತಪ್ಪುತ್ತಿರಲಿಲ್ಲ. ತಟ್ಟೆ ಹಿಡಿದುಕೊಂಡೇ ಅವನ ಮುಂದೆ ಹೋಗಿ ನಿಂತೆ. ತಟ್ಟೆ ನೋಡಿದ, ನನ್ನ ಮುಖ ನೋಡಿದ, ಚೆಂಡು ಕೆಳಗಿಟ್ಟ. ಯಾರು ಹೇಳಿದರು ಅಂತ ಕೇಳಲಿಲ್ಲ.

"ಚಳಿ ಇತ್ತು," ಅಂದ.

"ಬರೀ ಚಳಿನಾ?"

ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಮೆಲ್ಲಗೆ ಅಂದ, "ಅವನು ನನ್ ಕಡೆ ನೋಡ್ದ. ನೋಡ್ತಿದಾನೆ ಅಂತ ನಂಗೆ ಗೊತ್ತಾಯ್ತು. ಕೈ ಹೊರಗೆ ಬರ್ಲಿಲ್ಲ, ಡಾರ್ಲಾ. ಯಾಕೆ ಅಂತ ನನ್ನ ಕೇಳ್ಬೇಡ."

ಕೋಚ್ ಹತ್ತಿರ ಹೋಗಿ ಹೇಳಿಬಿಡಲಾ ಅಂತ ಕೇಳಿದ. ಬೇಡ ಅಂದೆ. ಯೋಚಿಸಲು ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. ಬಾಯಿಬಿಟ್ಟರೆ ಬ್ರಾಂಟ್ ವಾಪಸು ಬರುತ್ತಾನಾ? ಇವನ ಜಾಗ ಹೋಗುತ್ತೆ ಅಷ್ಟೆ, ಒಂಬತ್ತು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತೆ. ಬ್ರಾಂಟ್ ಮುಚ್ಚಿದ್ದನ್ನು ನಾವು ಯಾಕೆ ತೆರೆಯಬೇಕು ಅಂದೆ. ವೆಂಡೆಲ್ ತಲೆಯಾಡಿಸಿ ಮತ್ತೆ ಚೆಂಡು ಎತ್ತಿಕೊಂಡ. ಅವತ್ತಿನಿಂದ ಅವನ ಚೆಂಡು ಟೈರಿನ ಅಂಚಿಗೆ ತಾಗತೊಡಗಿತು.

ಬೇಸಿಗೆಯಲ್ಲಿ ಟಕರ್ ಬಂದ. ಇಪ್ಪತ್ತೆರಡು ವಯಸ್ಸು, ಬೆಣ್ಣೆಯಂಥ ಮಾತು, ಕೋಚಿನ ಹೆಂಡತಿಯ ಕೈಚೀಲವನ್ನೂ ಹೊರುವವನು. ಹೆಂಡತಿ ಮೇಸಿ. ಇನ್ನು ಬೆರಳು ತೋರಿಸುವ ಕೆಲಸ ಅವನದು. ಅದು ತಲೆಗೆ ಹೊಳೆದದ್ದೇ ತಡ ನಾನು ಇಬ್ಬರನ್ನೂ ಊಟಕ್ಕೆ ಕರೆದೆ. ಒಂದು ಸಲವಲ್ಲ, ಮೇಲಿಂದ ಮೇಲೆ ಕರೆದೆ. ಉಂಡ ಮನೆಗೆ ಎರಡು ಬಗೆಯಲಾರರು ಅನ್ನೋ ಆಸೆ. ಟಕರ್ ತಿನ್ನುವಾಗ ನಾನು ಅವನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದೆ. ಒಳ್ಳೇ ಉದ್ದನೆಯ ಬೆರಳುಗಳು. ಮೇಸಿ ಹೊರಡುವಾಗ ಅದೇ ಗಾಜಿನ ತಟ್ಟೆಯಲ್ಲಿ ಗೆಣಸು ತುಂಬಿಸಿ ಕೊಟ್ಟೆ. ತಟ್ಟೆ ಇನ್ನೂ ವಾಪಸು ಬಂದಿಲ್ಲ.

ಸೆಪ್ಟೆಂಬರಿನ ಮೊದಲ ಆಟ. ನಮ್ಮೂರಿನಲ್ಲೇ. ಸೆಕೆಯಲ್ಲಿ ಜನ ಅಂಗಿ ಕಳಚಿ ಕೂತಿದ್ದರೂ ನಾನು ಜಾಕೆಟ್ಟು ಹಾಕಿಕೊಂಡೇ ಹೋದೆ. ಮೊದಲ ಸಾಲಿನ ತುದಿಯ ಕುರ್ಚಿಯಲ್ಲಿ ಕೂತೆ. ಯಾರೂ ಏನೂ ಅನ್ನಲಿಲ್ಲ, ಅದು ನನ್ನದು ಅಂತ ಎಲ್ಲರಿಗೂ ಗೊತ್ತಿತ್ತು. ಇಷ್ಟು ವರ್ಷ ಅದರ ಮೇಲೆ ಕಣ್ಣಿಟ್ಟಿದ್ದೆನಲ್ಲ, ಕೂತರೆ ಅಂಥಾ ಹೇಳಿಕೊಳ್ಳುವಂಥದ್ದೇನಿರಲಿಲ್ಲ. ಬೆನ್ನ ಹಿಂದೆ ಮೇಸಿ. ಅವಳ ಕಣ್ಣು ನನ್ನ ಕುತ್ತಿಗೆಯ ಮೇಲೆ ಎಲ್ಲಿ ನೆಟ್ಟಿದೆ ಅಂತ ತಿರುಗದೇ ಹೇಳಬಲ್ಲೆ. ನಾನೂ ಅಲ್ಲೇ ಕೂತಿದ್ದವಳು.

"ಜಾಗ ಚೆನ್ನಾಗಿದೆ ಅಲ್ವಾ ಡಾರ್ಲಾ?" ಅಂದಳು. "ನಂಗೆ ಇಲ್ಲಿಂದ ನಿಮ್ ಜುಟ್ಟೊಂದೇ ಕಾಣೋದು."

ವೆಂಡೆಲ್ ಚೆನ್ನಾಗಿ ಆಡಲಿಲ್ಲ. ಎಸೆದ ಚೆಂಡುಗಳು ಕೈಗೆ ಸಿಗುವಷ್ಟರಲ್ಲಿ ನೆಲಕ್ಕೆ ಬೀಳುತ್ತಿದ್ದವು. ಮೊದಲ ಅರ್ಧ ಮುಗಿಯುವುದರೊಳಗೆ ಜನ ಬೈಯಲು ಶುರು ಮಾಡಿದರು, ನಂಬರು ಹಿಡಿದೇ. ಹದಿನಾಲ್ಕು ಯಾರು ಅಂತ ಇನ್ನು ಯಾರೂ ಕೇಳುವ ಹಾಗಿರಲಿಲ್ಲ. ಮೇಲಿನ ಸಾಲುಗಳಲ್ಲಿ ಕೆಲವರು ಬ್ರಾಂಟ್‌ನ ಹೆಸರು ಕೂಗುತ್ತಿದ್ದರು, ಅವನ ಗೇಟಿಗೆ ಗಡಿಯಾರ ನೇತುಹಾಕಿದ ಜನವೇ. ನಮ್ಮ ಪಾಲಿನ ಬೈಗುಳ ಕೊನೆಗೂ ನಮಗೆ ಬಂತು.

ಅರ್ಧ ಮುಗಿಯಲು ಕೆಲವೇ ಕ್ಷಣ ಇತ್ತು. ಗಡಿಯಾರ ಓಡುತ್ತಿತ್ತು. ನಮ್ಮ ಓಟಗಾರ ಗೆರೆಯ ಹತ್ತಿರ ಆಟಗಾರರ ರಾಶಿಯಡಿ ಬಿದ್ದ, ದಾಟಿದ ಅಂತ ಜನ ಎದ್ದು ಕೂಗಿದರು. ದಾಟಿರಲಿಲ್ಲ. ನಾನು ಎಣಿಸುತ್ತಲೇ ಇದ್ದೆ, ಆಟವಿಡೀ ಎಣಿಸುವುದು ಬಿಟ್ಟು ಬೇರೇನೂ ಮಾಡಿರಲಿಲ್ಲ. ಇದು ನಾಲ್ಕನೆಯದು. ವೆಂಡೆಲ್ ಎಲ್ಲರನ್ನೂ ಓಡಿಸಿಕೊಂಡು ಬಂದು ಸಾಲಾಗಿ ನಿಲ್ಲಿಸಿದ. ತಲೆ ಪಕ್ಕಕ್ಕೆ ತಿರುಗಿಸಿದ. ನಾನೂ ತಿರುಗಿಸಿದೆ. ಗೆರೆಯ ಪಕ್ಕ ಟಕರ್ ಟೋಪಿ ಹಾಕಿಕೊಂಡು ನಿಂತಿದ್ದ. ಎರಡೂ ಕೈಯನ್ನು ಅಂಗಿಯ ಕತ್ತಿನೊಳಗೆ, ಎದೆಯ ರಕ್ಷಾಕವಚದ ಸಂದಿಗೆ ಸಿಕ್ಕಿಸಿಕೊಂಡಿದ್ದ. ಅವನೂ ವೆಂಡೆಲ್‌ನ ಕಡೆಗೇ ನೋಡುತ್ತಿದ್ದ.

ನಾನು ಎದ್ದು ನಿಂತೆ. ಹೆಬ್ಬೆರಳು ಮಡಚಿ ಬಲಗೈ ಮೇಲೆತ್ತಿದೆ, ತೋಳು ಸೇದುವಷ್ಟು ಎತ್ತರಕ್ಕೆ. ಬಾಯಿಂದ ಏನು ಹೊರಟಿತೋ ನನಗೇ ಗೊತ್ತಿಲ್ಲ. ಕೂತ್ಕೊಳ್ಳಮ್ಮಾ, ಹಿಂದಿನೋರಿಗೆ ಕಾಣಲ್ಲ ಅಂತ ಯಾರೋ ಗದರಿದರು. ಮೇಸಿ ನನ್ನ ಜಾಕೆಟ್ಟಿನ ಅಂಚು ಹಿಡಿದು ಮೆಲ್ಲಗೆ ಕೆಳಕ್ಕೆ ಎಳೆದಳು. ವೆಂಡೆಲ್ ನನ್ನ ಕಡೆ ನೋಡಲಿಲ್ಲ, ಆಟದ ಮಧ್ಯೆ ಹೆಂಡತಿಯ ಕಡೆ ಯಾರು ನೋಡುತ್ತಾರೆ? ಅವನ ಕಣ್ಣೆಲ್ಲ ಟಕರ್‌ನ ಮೇಲಿತ್ತು. ಟಕರ್‌ನ ಕೈ ಎಲ್ಲಿತ್ತೋ ಅಲ್ಲೇ ಇತ್ತು. ಚಳಿಯೇನೂ ಇರಲಿಲ್ಲ.